ಗಣಿಯಲ್ಲಿಲ್ಲ, ಕಲಾಯಿಯಲ್ಲಿದೆ



ಇತ್ತೀಚೆಗೆ ಹಾನಗಲ್ಲಿನ ಮದುವೆಯೊಂದರ ಊಟದ ಪಂಕ್ತಿಯಲ್ಲಿ ವಿದ್ಯುತ್ ಸ್ಕೂಟರಿನ ಮಾತು ಬಂತು. ಪಕ್ಕದಲ್ಲಿದ್ದ ಹಿರಿಯರೊಬ್ಬರು, "ಇನ್ನೇನ್ರಿ ಮಾಸ್ತರ, ಮಂಡ್ಯದಾಗ ಲಿಥಿಯಂ ಸಿಕ್ಕೈತಿ, ಬ್ಯಾಟರಿಗೆ ನಾವ ರಾಜರು" ಎಂದರು. ಅನೇಕ ವಿದ್ಯಾವಂತರೂ ಇದನ್ನೇ ಹೇಳುತ್ತಾರೆ. ನಾನಿದನ್ನು ಒಪ್ಪಲಾರೆ.

ಮೊದಲು ಲೆಕ್ಕ ನೋಡೋಣ. 2020ರಲ್ಲಿ ಮಂಡ್ಯದಲ್ಲಿ 14,100 ಟನ್ ಲಿಥಿಯಂ ಇದೆಯೆಂಬ ಅಂದಾಜು ಪತ್ರಿಕೆಗಳಲ್ಲಿ ಬಂದಿತ್ತು. 2021ರಲ್ಲಿ ಸಂಸತ್ತಿಗೆ ಸರಕಾರ ಕೊಟ್ಟ ಪ್ರಾಥಮಿಕ ಅಂದಾಜು 1,600 ಟನ್. ಒಂದು ಕಾರಿಗೆ ಸುಮಾರು 8 ಕಿಲೋ ಎಂದರೂ, ಚೂರೂ ಪೋಲಾಗದಿದ್ದರೆ 2 ಲಕ್ಷ ಕಾರುಗಳಿಗೆ ಅದು ಮುಗಿಯಿತು. 1991ರಲ್ಲಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ಮೊದಲು ಮಾರುಕಟ್ಟೆಗೆ ತಂದ ಜಪಾನಿನಲ್ಲಿ ಹೇಳಿಕೊಳ್ಳುವಂಥ ಲಿಥಿಯಂ ಗಣಿಯೇ ಇಲ್ಲ.

ಹಾಗಾದರೆ ಸಂಪತ್ತು ಎಲ್ಲಿದೆ? ನಿಮ್ಮ ಅಜ್ಜಿಯ ಹಿತ್ತಾಳೆ ಪಾತ್ರೆಯನ್ನು ನೆನೆಯಿರಿ. ಕಲಾಯಿ ಹೋದ ಪಾತ್ರೆಯಲ್ಲಿ ಹುಣಸೆಹುಳಿಯ ಸಾರು ಇಟ್ಟರೆ ಕಿಲುಬು ಏಳುತ್ತಿತ್ತು, ಏಕೆಂದರೆ ಹುಳಿ ತಾಮ್ರವನ್ನು ಕರಗಿಸುತ್ತದೆ. ಪಾತ್ರೆಯ ತೂಕಕ್ಕೆ ಹೋಲಿಸಿದರೆ ಏನೂ ಅಲ್ಲದ ತವರದ ಲೇಪ ಮನೆಯವರ ಆರೋಗ್ಯವನ್ನು ಕಾಯುತ್ತಿತ್ತು. ಬ್ಯಾಟರಿಯೊಳಗೂ ಇಂಥದೇ ಜಗಳವಿದೆ. ಒಳಗಿನ ದ್ರಾವಣ ಕೆಟ್ಟಾಗ ಹುಟ್ಟುವ ಆಮ್ಲ ಧನ ವಿದ್ಯುದ್ವಾರದ ಲೋಹವನ್ನು ಕರಗಿಸುತ್ತದೆ, ಬ್ಯಾಟರಿಯ ಆಯುಷ್ಯ ಸವೆಯುತ್ತದೆ. ಅದರ ಕಣಗಳ ಮೇಲೆ ಅಲ್ಯುಮಿನಾದ ತೆಳುಪದರ ಹೊದಿಸಿದರೆ ಸವೆತ ತಗ್ಗುತ್ತದೆ. ಅಲ್ಯುಮಿನಿಯಮ್ ಸಂಯುಕ್ತದ ಆವಿ, ನೀರಿನ ಆವಿ, ಹೀಗೆ ಸರದಿಯಂತೆ ಹಾಯಿಸಿದಾಗ ಒಂದೊಂದು ಸುತ್ತಿಗೆ ಕೂಡುವುದು ಸುಮಾರು 0.1 ನ್ಯಾನೋಮೀಟರ್. ಪದರ ಅಗತ್ಯಕ್ಕಿಂತ ದಪ್ಪವಾದರೆ ಲಿಥಿಯಂ ಅಯಾನುಗಳಿಗೆ ದಾರಿಯೇ ಮುಚ್ಚುತ್ತದೆ. ಆ ಹದವೇ ವಿದ್ಯೆ.

ಇನ್ನೊಂದು ನಿದರ್ಶನ. 1997ರಲ್ಲಿ ಪಾಧಿ, ನಂಜುಂಡಸ್ವಾಮಿ ಮತ್ತು ಗುಡ್‌ಎನಫ್ ಅಮೆರಿಕದಲ್ಲಿ ಲಿಥಿಯಂ ಐರನ್ ಫಾಸ್ಫೇಟನ್ನು ವಿದ್ಯುದ್ವಾರವಾಗಿ ಪ್ರಕಟಿಸಿದರು. ಅದು ಅಗ್ಗದ್ದು, ಸುರಕ್ಷಿತವಾದದ್ದು, ಆದರೆ ವಿದ್ಯುತ್ತನ್ನು ಬಹಳ ಕಡಿಮೆ ಹರಿಯಗೊಡುತ್ತಿತ್ತು. 1999ರಲ್ಲಿ ರಾವೆ, ಅರ್ಮಾಂ ಮುಂತಾದವರು ಕಣಗಳಿಗೆ ಇಂಗಾಲದ ಲೇಪ ಕೊಟ್ಟು ಆ ಕೊರತೆ ನೀಗುವ ದಾರಿ ತೋರಿದರು. ಸಕ್ಕರೆಯಂಥ ವಸ್ತುವನ್ನು ಬೆರೆಸಿ ಗಾಳಿಯಿಲ್ಲದೆ ಕಾಯಿಸಿದರೂ ಅಂಥ ಲೇಪ ಬರುತ್ತದೆ. ಇಂದು ಲೋಕದ ಬಸ್ಸು, ಕಾರುಗಳಲ್ಲಿ ಈ ಪದಾರ್ಥ ಓಡುತ್ತಿರುವುದರ ಹಿಂದೆ ಆ ಮಸಿಯ ಪದರವೂ ಇದೆ.

ಕಲಾಯಿಯ ಉಪಮೆ ಕೊಟ್ಟೆನೆಂದು ನಮ್ಮ ಪೂರ್ವಜರಿಗೆ ನ್ಯಾನೋ ತಂತ್ರಜ್ಞಾನ ತಿಳಿದಿತ್ತೆಂದು ಯಾರೂ ಭಾಷಣ ಮಾಡಬೇಡಿ. ಕಲಾಯಿಗಾರನ ಕೈಚಳಕ ದೊಡ್ಡದು. ಅಣುವನ್ನು ಎಣಿಸಿ ಜೋಡಿಸುವುದು ಬೇರೆಯದೇ ವಿದ್ಯೆ. ಎರಡನ್ನೂ ಕಲಸಿದರೆ ಎರಡಕ್ಕೂ ಅವಮಾನ.

ಗಣಿಯೇ ಬೇಡವೆಂದು ನಾನು ಹೇಳುತ್ತಿಲ್ಲ. 2021ರಲ್ಲಿ ಕೇಂದ್ರ ಸರಕಾರ ಬ್ಯಾಟರಿ ಕೋಶಗಳ ತಯಾರಿಕೆಗೆ 18,100 ಕೋಟಿ ರೂಪಾಯಿಯ ಪ್ರೋತ್ಸಾಹ ಯೋಜನೆ ಮಾಡಿದ್ದೂ ತಪ್ಪಲ್ಲ. ಆದರೆ ಕಾರ್ಖಾನೆಯನ್ನು ಕೊಂಡು ತರಬಹುದು, ಹದವನ್ನು ಕೊಂಡು ತರಲಾಗದು. ಅದು ಹದಿಮೂರು ವಯಸ್ಸಿನ ಹುಡುಗಿ ಪ್ರಯೋಗಶಾಲೆಯಲ್ಲಿ ತಾಮ್ರದ ತುಂಡಿಗೆ ಹುಣಸೆಹುಳಿ ಹಚ್ಚಿ, "ಯಾಕೆ ಹೊಳೆಯಿತು ಸರ್?" ಎಂದು ಕೇಳುವಲ್ಲಿ ಹುಟ್ಟುತ್ತದೆ. ನಾನು ಪಾಠ ಮಾಡಿದ ಶಾಲೆಯೊಂದರಲ್ಲಿ ಪ್ರಯೋಗಶಾಲೆಯ ಬೀಗ ತೆಗೆಯುತ್ತಿದ್ದದ್ದು ಇನ್ಸ್‌ಪೆಕ್ಟರರು ಬಂದಾಗ ಮಾತ್ರ. ಬೀಗದ ಕೈಗಾಗಿ ನಾನು ಗಟ್ಟಿಯಾಗಿ ಜಗಳವಾಡಲಿಲ್ಲ. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಆದ್ದರಿಂದ ಬೆಂಗಳೂರು, ಪುಣೆಗಳಲ್ಲಿರುವ ನಿಮ್ಮಲ್ಲಿ ಒಂದು ಮಾತು. ಊರಿಗೆ ಬಂದಾಗ ಶಾಲೆಗೆ ಗಡಿಯಾರವನ್ನೋ ಫೋಟೋವನ್ನೋ ಕಾಣಿಕೆ ಕೊಡಬೇಡಿ. ಒಂದು ದಿನ ನಿಂತು ಪ್ರಯೋಗಶಾಲೆಯ ಬೀಗ ತೆಗೆಸಿ, ಮಕ್ಕಳ ಕೈಯಿಂದ ಒಂದು ಪ್ರಯೋಗ ಮಾಡಿಸಿ ಹೋಗಿ.