ಧರ್ಮೋಪದೇಶದ ತರಗತಿ ಮತ್ತು ನಮ್ಮ ಯುವಜನರು

ಕ್ರೈಸ್ತ ಶಾಲೆಗಳ ಬಗ್ಗೆ ನಮ್ಮ ನಾಡಿನಲ್ಲಿ ಚರ್ಚೆ ಎದ್ದಾಗಲೆಲ್ಲ ಕೇಳಿಬರುವ ಪ್ರಶ್ನೆ ಒಂದೇ: ಅನ್ಯಧರ್ಮೀಯರ ಮಕ್ಕಳ ಮೇಲೆ ಅವು ಎಂತಹ ಪ್ರಭಾವ ಬೀರುತ್ತಿವೆ? 2022ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಕ್ಲಾರೆನ್ಸ್ ಪ್ರೌಢಶಾಲೆಯು ಬೈಬಲ್ ಕುರಿತು ಪ್ರವೇಶಪತ್ರದಲ್ಲಿ ಪೋಷಕರಿಂದ ಪಡೆಯುತ್ತಿದ್ದ ಒಪ್ಪಿಗೆ ವಿವಾದಕ್ಕೆ ಗುರಿಯಾಗಿ, ಶಿಕ್ಷಣ ಇಲಾಖೆ ನೋಟಿಸು ನೀಡಿದಾಗಲೂ ಇದೇ ಪ್ರಶ್ನೆ ಎದ್ದಿತು. ಅದು ಕಥೋಲಿಕ ಶಾಲೆಯಲ್ಲ. ಆದರೂ ಬಿಸಿ ತಟ್ಟಿದ್ದು ಎಲ್ಲರಿಗೂ. ಇಂತಹ ಶಾಲೆಗಳು ನಮ್ಮದೇ ಮಕ್ಕಳಲ್ಲಿ ಕ್ರಿಸ್ತರ ಬಗ್ಗೆ ಯಾವ ಭಾವನೆ ಬೆಳೆಸುತ್ತಿವೆ ಎಂಬುದನ್ನು ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳ ಕಥೋಲಿಕ ಕುಟುಂಬಗಳಾದ ನಾವು ಎಂದಾದರೂ ವಿಚಾರಿಸಿದ್ದೇವೆಯೇ?

ಅನ್ಯಧರ್ಮೀಯ ಮಕ್ಕಳ ವಿಷಯದಲ್ಲಿ ಉತ್ತರ ಕಣ್ಣಮುಂದೆಯೇ ಇದೆ. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ 2021ರ ವರದಿಯಂತೆ, ದೇಶದ ಕ್ರೈಸ್ತ ಶಾಲೆಗಳ ವಿದ್ಯಾರ್ಥಿಗಳಲ್ಲಿ ಸುಮಾರು ಶೇಕಡ 74 ಮಂದಿ ಅಲ್ಪಸಂಖ್ಯಾತೇತರ ಸಮುದಾಯಗಳವರು. ಇವರು ಹತ್ತು ಹನ್ನೆರಡು ವರ್ಷ ನಮ್ಮವರ ಬಳಿ ಕಲಿತು, ಕ್ರಿಸ್ಮಸ್ ಗೀತೆಗಳನ್ನೂ ಹಾಡಿ, ತಮ್ಮ ತಮ್ಮ ಧರ್ಮದಲ್ಲೇ ಉಳಿದು ಹೊರಬರುತ್ತಾರೆ. ಗಣಿತ ಕಲಿಸಿದ ಕನ್ಯಾಸ್ತ್ರೀಯನ್ನು ಮುಪ್ಪಿನವರೆಗೂ ಗೌರವದಿಂದ ನೆನೆಯುವವರು ಇವರಲ್ಲಿ ಎಷ್ಟೋ ಮಂದಿ. ಮಾನ್ಯತೆ ಪಡೆದ ಅಥವಾ ಅನುದಾನಿತ ಸಂಸ್ಥೆಯಲ್ಲಿ ಒಪ್ಪಿಗೆಯಿಲ್ಲದೆ ಯಾರನ್ನೂ ಧಾರ್ಮಿಕ ಬೋಧನೆಗೆ ಕೂರಿಸಬಾರದೆಂದು ಸಂವಿಧಾನದ 28(3)ನೆಯ ವಿಧಿ ಹೇಳುತ್ತದೆ. ಅದು ನ್ಯಾಯವಾದದ್ದೇ.

ನಮ್ಮ ಮಕ್ಕಳ ಕಥೆ ಬೇರೆ. ಅನೇಕ ಕಥೋಲಿಕ ಶಾಲೆಗಳಲ್ಲಿ ನಿಗದಿತ ಗಂಟೆ ಬಾರಿಸಿದೊಡನೆ ತರಗತಿ ಎರಡಾಗುತ್ತದೆ. ಇತರರು ನೀತಿಪಾಠಕ್ಕೆ ಉಳಿಯುತ್ತಾರೆ, ನಮ್ಮವರು ಧರ್ಮೋಪದೇಶಕ್ಕೆ ಎದ್ದು ಹೋಗುತ್ತಾರೆ. ಅಲ್ಲಿ ಪುಸ್ತಕವಿದೆ, ಕಂಠಪಾಠವಿದೆ, ಪರೀಕ್ಷೆಯೂ ಇದೆ. ಹೀಗೆ ವಿಶ್ವಾಸವು ಭೂಗೋಳ, ರಸಾಯನಶಾಸ್ತ್ರಗಳ ಸಾಲಿನ ಇನ್ನೊಂದು ವಿಷಯವಾಗುತ್ತದೆ. ಪರೀಕ್ಷೆ ಮುಗಿದ ಮೇಲೆ ಯಾರು ತಾನೇ ಆ ಪುಸ್ತಕ ತೆರೆಯುತ್ತಾರೆ? ದೃಢೀಕರಣ ಸಂಸ್ಕಾರ ಪಡೆದ ಹುಡುಗ ಹುಡುಗಿಯರು ಹತ್ತನೆಯ ತರಗತಿಯ ನಂತರ ದೇವಾಲಯದ ಪೀಠಗಳಿಂದ ಒಬ್ಬೊಬ್ಬರಾಗಿ ಕಾಣೆಯಾಗುವುದನ್ನು ಕಂಡು ನಾವು ಕಾಲವನ್ನು, ಮೊಬೈಲನ್ನು, ಸಿ.ಇ.ಟಿ. ತರಬೇತಿಯನ್ನು ದೂರುತ್ತೇವೆ. ಅವುಗಳ ಪಾಲೂ ಇರಬಹುದು.

ಇದರ ಜೊತೆಗೆ ಭಾಷೆಯ ತೊಡಕೊಂದಿದೆ; ಇದರ ಬಗ್ಗೆ ಮಾತನಾಡುವವರು ಕಡಿಮೆ. ಮಗು ಶಾಲೆಯಲ್ಲಿ ಪ್ರಾರ್ಥನೆ ಕಲಿಯುವುದು ಇಂಗ್ಲಿಷಿನಲ್ಲಿ. ಸಂಜೆ ಅಜ್ಜಿ ಕನ್ನಡದಲ್ಲಿ ಜಪಸರ ಆರಂಭಿಸಿದರೆ ಅದಕ್ಕೆ ದನಿಗೂಡಿಸಲು ಬಾರದು. ಕನ್ನಡ ಬಲಿಪೂಜೆಯಲ್ಲಿ ವಾಚನ ಓದೆಂದರೆ ನಾಚಿ ಹಿಂದೆ ಸರಿಯುತ್ತದೆ. ಮನೆಯ ದೇವರು ಒಂದು ಭಾಷೆಯಲ್ಲಿ, ಶಾಲೆಯ ದೇವರು ಇನ್ನೊಂದು ಭಾಷೆಯಲ್ಲಿ ಮಾತನಾಡುವಾಗ, ಕ್ರೈಸ್ತಧರ್ಮವು ಸಮವಸ್ತ್ರದಂತೆ ಶಾಲೆಗೆ ಸೇರಿದ ವಸ್ತುವೆಂದು ಮಗು ತಿಳಿದರೆ ಆಶ್ಚರ್ಯವೇನು?

2024ರ ಏಪ್ರಿಲ್‌ನಲ್ಲಿ ಭಾರತ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು ಶಾಲೆಗಳಿಗೆ ಮಾರ್ಗಸೂಚಿ ಕಳುಹಿಸಿ, ಅನ್ಯಧರ್ಮೀಯ ವಿದ್ಯಾರ್ಥಿಗಳ ಮೇಲೆ ಕ್ರೈಸ್ತ ಸಂಪ್ರದಾಯಗಳನ್ನು ಹೇರಬಾರದೆಂದೂ, ಬೆಳಗಿನ ಸಭೆಯಲ್ಲಿ ಸಂವಿಧಾನದ ಪ್ರಸ್ತಾವನೆಯನ್ನು ಓದಿಸಬೇಕೆಂದೂ ತಿಳಿಸಿತು. ಇದರಿಂದ ನಮ್ಮ ಶಾಲೆಗಳ ಕ್ರೈಸ್ತತನ ಕರಗುವುದೆಂದು ಕೆಲವರಿಗೆ ಆತಂಕ. ನಮಗೆ ಹಾಗನ್ನಿಸುವುದಿಲ್ಲ. 1965ರ ಅಕ್ಟೋಬರ್ 28ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು ಶಿಕ್ಷಣ ಕುರಿತ ಘೋಷಣೆಯಲ್ಲಿ ಮಕ್ಕಳ ಮೊದಲ ಹಾಗೂ ಪ್ರಧಾನ ಶಿಕ್ಷಕರು ತಂದೆತಾಯಿಗಳೇ ಎಂದು ಸಾರಿತ್ತು. ಶುಲ್ಕ ಕಟ್ಟಿದೊಡನೆ ಆ ಹೊಣೆಯೂ ತೀರಿತೆಂದು ನಾವೇ ತೀರ್ಮಾನಿಸಿಕೊಂಡೆವು.

ಹಾಗೆಂದು ಶಾಲೆಯ ಪಾತ್ರ ಕಿರಿದಾಗುವುದಿಲ್ಲ. ಹದಿಹರೆಯದವರ ಕಣ್ಣು ಬಹಳ ಚುರುಕು. ಶುಲ್ಕ ಬಾಕಿಯಿರುವ ಸಹಪಾಠಿಯನ್ನು ತರಗತಿಯ ಹೊರಗೆ ನಿಲ್ಲಿಸಿ, ಒಳಗೆ ದಯಾಳುವಾದ ಸಮಾರಿಯದವನ ಸಾಮತಿಯನ್ನು ಬೋಧಿಸುವ ಶಾಲೆ ಯಾವುದಾದರೂ ಇದ್ದರೆ, ಅಲ್ಲಿನ ಮಗು ಎರಡು ಪಾಠಗಳನ್ನೂ ಕಲಿಯುತ್ತದೆ, ಮೊದಲನೆಯದನ್ನು ಹೆಚ್ಚು ಕಾಲ ನೆನಪಿಡುತ್ತದೆ. ಬಡ ಕಥೋಲಿಕ ಕುಟುಂಬದ ಮಗುವಿಗೆ ಪ್ರವೇಶದ ಕೋಣೆಯಲ್ಲಿ ದೊರೆತ ಉತ್ತರವೂ ಹಾಗೆಯೇ. ಮುಂದಿನ ಜೂನ್‌ಗೆ ಅರ್ಜಿ ಹಿಡಿದು ಸಾಲಿನಲ್ಲಿ ನಿಲ್ಲುವ ನಾವು, ಶಾಲೆಯ ಫಲಿತಾಂಶದ ಶೇಕಡವಾರಿನ ಜೊತೆಗೆ, ಅಲ್ಲಿನ ಆಯಾಳನ್ನು ಮಕ್ಕಳು ಏನೆಂದು ಕರೆಯುತ್ತಾರೆಂಬುದನ್ನೂ ವಿಚಾರಿಸಿ ಬರಬಹುದು.