ನೆತ್ತರೊಳಗಿನ ಕಬ್ಬಿಣವೂ ನಮ್ಮ ವಿಜ್ಞಾನ ಪಾಠವೂ

ಆದವಾನಿ ಸೀಮೆಯ ಮಕ್ಕಳಿಗೆ ಕಬ್ಬಿಣದ ಅದಿರು ದೂರದ ವಸ್ತುವಲ್ಲ. ನೆರೆಯ ಬಳ್ಳಾರಿ ಜಿಲ್ಲೆಯ ಸಂಡೂರಿನ ಬೆಟ್ಟಗಳೇ ಅದರಿಂದ ಕೆಂಪಾಗಿವೆ. ಆ ಅದಿರಿನ ಹೆಸರು ಹೆಮಟೈಟ್; ನಮ್ಮ ನೆತ್ತರಿಗೆ ಬಣ್ಣ ಕೊಡುವುದು ಹಿಮೋಗ್ಲೋಬಿನ್. ರಕ್ತವೆಂಬ ಅರ್ಥದ ಒಂದೇ ಗ್ರೀಕ್ ಪದ ಎರಡರ ಮೂಲದಲ್ಲಿಯೂ ಇದೆ. ಆದರೆ ಶಾಲೆಯಲ್ಲಿ ಅಯಸ್ಕಾಂತ ಭೌತಶಾಸ್ತ್ರಕ್ಕೆ, ರಕ್ತ ಜೀವಶಾಸ್ತ್ರಕ್ಕೆ ಹಂಚಿಹೋಗಿ, ಒಂದರ ಮುಖವನ್ನು ಇನ್ನೊಂದು ಕಾಣುವುದೇ ಇಲ್ಲ. ಈ ಗೋಡೆಯನ್ನು ಕೆಡವಬೇಕು, ಅದೂ ಕನ್ನಡದಲ್ಲಿಯೇ ಕೆಡವಬೇಕು ಎಂಬುದು ನನ್ನ ಅಭಿಪ್ರಾಯ.

ರಕ್ತದಲ್ಲಿ ಕಬ್ಬಿಣವಿದ್ದರೆ ಅಯಸ್ಕಾಂತ ಅದನ್ನೇಕೆ ಸೆಳೆಯದು? ಯಾವ ವಿದ್ಯಾರ್ಥಿಯೂ ಕೇಳಬಹುದಾದ ಪ್ರಶ್ನೆಯಿದು. 1845ರಲ್ಲಿ ಮೈಕೇಲ್ ಫ್ಯಾರಡೆಯೇ ಒಣಗಿದ ರಕ್ತವನ್ನು ಪರೀಕ್ಷಿಸಿ, ಅದು ಕಾಂತದತ್ತ ಸರಿಯದಿರುವುದನ್ನು ಕಂಡನು. ಮೊಳೆಯಲ್ಲಿ ಕಬ್ಬಿಣದ ಪರಮಾಣುಗಳು ಒತ್ತಾಗಿ ನಿಂತು ಒಂದೇ ದಿಕ್ಕಿಗೆ ಮುಖಮಾಡಬಲ್ಲವು. ಹಿಮೋಗ್ಲೋಬಿನ್ನಿನ ಒಂದು ಅಣುವಿನಲ್ಲಿರುವುದು ನಾಲ್ಕೇ ಕಬ್ಬಿಣದ ಪರಮಾಣುಗಳು. ಒಂದೊಂದೂ ತನ್ನ ಗೂಡಿನಲ್ಲಿ ಒಂಟಿ. 1936ರಲ್ಲಿ ಅಮೆರಿಕದ ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ ಇನ್ನೂ ಸೋಜಿಗದ ಸಂಗತಿಯನ್ನು ಅಳೆದು ತೋರಿಸಿದರು. ಆಮ್ಲಜನಕವಿಲ್ಲದ ಹಿಮೋಗ್ಲೋಬಿನ್ ಕಾಂತಕ್ಕೆ ತುಸು ಸೆಳೆಯಲ್ಪಡುತ್ತದೆ. ಆಮ್ಲಜನಕವೂ ಬಿಡಿಯಾಗಿದ್ದಾಗ ಹಾಗೆಯೇ. ಇವೆರಡೂ ಕೂಡಿದರೆ ಮಾತ್ರ ಆ ಸೆಳೆತವೇ ಮಾಯವಾಗುತ್ತದೆ! ಜೋಡಿಯಿಲ್ಲದೆ ಉಳಿದಿದ್ದ ಎಲೆಕ್ಟ್ರಾನುಗಳು ಆ ಕೂಟದಲ್ಲಿ ಜೋಡಿಯಾಗುವುದೇ ಕಾರಣ. 1990ರಲ್ಲಿ ಸೇಜಿ ಒಗಾವಾ ಮತ್ತು ಸಂಗಡಿಗರು ಇದೇ ವ್ಯತ್ಯಾಸವನ್ನು ಹಿಡಿದು, ಮಿದುಳಿನ ರಕ್ತದಲ್ಲಿ ಆಮ್ಲಜನಕದ ಏರಿಳಿತವನ್ನು ಎಂ.ಆರ್.ಐ. ಚಿತ್ರದಲ್ಲಿ ಕಾಣಿಸಿದರು. ಇಂದು ಮಿದುಳಿನ ಅಧ್ಯಯನಕ್ಕೆ ಅದೊಂದು ದೊಡ್ಡ ಸಾಧನ.

ಇಂಥ ವಿಷಯ ಕನ್ನಡಕ್ಕೆ ಭಾರವೆನ್ನುವವರು ಬೆಳ್ಳಾವೆ ವೆಂಕಟನಾರಣಪ್ಪನವರನ್ನು ನೆನೆಯಲಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಅವರು ಬೋಧಿಸಿದ್ದು ಭೌತಶಾಸ್ತ್ರ. ಕನ್ನಡದಲ್ಲಿ ಬರೆದ ಹಿರಿಯ ಗ್ರಂಥ ‘ಜೀವವಿಜ್ಞಾನ’. ಗೋಡೆ ಅವರಿಗೆ ಅಡ್ಡ ಬರಲಿಲ್ಲ. ಎಲೆಕ್ಟ್ರಾನ್, ಹಿಮೋಗ್ಲೋಬಿನ್ ಎಂಬ ಪದಗಳು ಹಾಗೆಯೇ ಬರಲಿ. ಅವಕ್ಕೆ ಉರುಳು ಸಂಸ್ಕೃತದ ಹೆಸರುಗಳನ್ನು ಹೊಸೆಯುವ ಶ್ರಮ, ನನಗಂತೂ, ವ್ಯರ್ಥವೆನಿಸುತ್ತದೆ. ವಿವರಣೆ ಮಾತ್ರ ಮಗುವಿನ ಮನೆಮಾತಿನಲ್ಲಿರಬೇಕು.

1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ ಆದವಾನಿ, ಆಲೂರು ತಾಲೂಕುಗಳಲ್ಲಿ ಕನ್ನಡ ಶಾಲೆಯೆಂದರೆ ಹಾಡು, ನಾಟಕ, ರಾಜ್ಯೋತ್ಸವಗಳಿಗೆ ಮಾತ್ರವೆಂಬ ಭಾವನೆ ಬೆಳೆಯಬಾರದು. ಹಾಗೆ ಬೆಳೆದರೆ ಜಾಣ ಮಕ್ಕಳನ್ನು ತಂದೆತಾಯಿಗಳು ಬೇರೆಡೆಗೆ ಕಳುಹಿಸುವರು, ಅವರನ್ನು ದೂರುವಂತೆಯೂ ಇಲ್ಲ. ಸುವರ್ಣ ಮಹೋತ್ಸವದ ಈ ವರ್ಷ ಒಂಬತ್ತನೆಯ ತರಗತಿಯಲ್ಲಿ ಭೌತಶಾಸ್ತ್ರ, ಜೀವಶಾಸ್ತ್ರದ ಉಪಾಧ್ಯಾಯರಿಬ್ಬರೂ ಒಂದೇ ಮೇಜಿನ ಬಳಿ ನಿಂತು, ಈ ಒಂದು ಪ್ರಶ್ನೆಯನ್ನೆತ್ತಿಕೊಂಡು ಒಂದು ಗಂಟೆ ಪಾಠ ಮಾಡಲಿ.