ಹೊಳಪಿಗಿಂತ ಮುಂಚೆ ಉಜ್ಜೋಣ

ಬಂಗಾರಪೇಟೆಯ ಚಾಚಾ ಅವರ ಶೆಡ್ಡಿನಲ್ಲಿ ನಾವು ಗೆಳೆಯರು ಮೈದಾನದಲ್ಲಿ ಓಡಿಸಲು ಪುಟ್ಟ ಕಾರು ಕಟ್ಟುತ್ತಿದ್ದೇವೆ. ಚಾಸಿಗೆ ದಪ್ಪ ಕಪ್ಪು ಬಣ್ಣವೇ ಬೇಕೆಂದು ಎಲ್ಲರೂ ಹೇಳಿದರು. ನಾನು ಒಪ್ಪಲಿಲ್ಲ.

ತುಕ್ಕು, ಜಿಡ್ಡಿನ ಮೇಲೆಯೇ ಬಳಿದರೆ ಎಷ್ಟು ದುಬಾರಿ ಬಣ್ಣವೂ ಸಿಪ್ಪೆಯಂತೆ ಏಳುತ್ತದೆ. ತಂತಿ ಬ್ರಷ್‌ನಿಂದ ಉಜ್ಜಿ, ಥಿನ್ನರ್‌ನಿಂದ ಒರೆಸಿ, ಅದೇ ದಿನ ಪ್ರೈಮರ್ ಹಚ್ಚಬೇಕು. ಅದು ಒಣಗಿದ ಮೇಲೆ ಎರಡು ತೆಳು ಕೋಟ್ ಸಾಕು. ಬಣ್ಣ ತಿಳಿಬೂದು ಇರಲಿ: ಬೆಸುಗೆ ಬಿರುಕು ಬಿಟ್ಟರೆ ತುಕ್ಕಿನ ಗೆರೆ ಎದ್ದು ಕಾಣುತ್ತದೆ. ಕಪ್ಪು ಅದನ್ನು ಮುಚ್ಚಿಡುತ್ತದೆ. ಒಳಗೆ ಕೂರುವವರು ನಾವೇ ತಾನೆ?

2001ರಲ್ಲಿ ಗಣಿ ಮುಚ್ಚಿದ ಮೇಲೆ ತುಕ್ಕು ಹಿಡಿದ ಕೆಜಿಎಫ್‌ನ ಶಾಫ್ಟ್ ಗೋಪುರಗಳನ್ನು ನೋಡಿ. ಆಗಾಗ ಬಗ್ಗಿ ನೋಡುವವರಿಲ್ಲದಿದ್ದರೆ ಯಾವ ಕಬ್ಬಿಣವೂ ಉಳಿಯದು.